ತೆರಿಗೆ ತೆರದೆ ಗೇಟು ತೆರೆಯದು

ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟ ನಮ್ಮ ಸೋದರಮಾವ ನಡುಹಗಲಲ್ಲಿ, ಬಸ್ ಸ್ಟಾಪಿನ ತುಂಬ ಜನ ನೋಡುತ್ತಿರುವಾಗ, ಮುಖ್ಯರಸ್ತೆಯಲ್ಲಿ ಕಾರೊಂದನ್ನು ತಳ್ಳಿಕೊಂಡು ಬಂದರು. ಕಾರು ಕೆಟ್ಟಿರಲಿಲ್ಲ. ಅದರ ಇನ್ಶೂರೆನ್ಸ್ ಹಿಂದಿನ ದಿನ ಮುಗಿದಿತ್ತು, ಅಷ್ಟೆ. ಹಳೇ ಕಾರು ಮಾರುವುದು ಮಾವನ ಕಸುಬು. ಕೊಳ್ಳಲು ಬಂದ ಗಣಿತದ ಮೇಷ್ಟ್ರಿಗೆ ಟ್ರಯಲ್ ಕೊಡಲು ಹೊರಟವರನ್ನು ಪೇದೆಯೊಬ್ಬ ಮೊದಲ ತಿರುವಿನಲ್ಲೇ ತಡೆದಿದ್ದ.

“ಇದು ಓಡಿಸೋದಲ್ಲ ಸಾರ್, ಬರೀ ಓಡಿಸಿ ನೋಡೋದು,” ಎಂದು ಮಾವ ವಾದಿಸಿದರು.

“ನೋಡೋದಾದ್ರೆ ನಿಲ್ಲಿಸ್ಕೊಂಡು ನೋಡಿ,” ಎಂದ ಪೇದೆ ದಂಡದ ಚೀಟಿ ಹರಿದು ಕೊಟ್ಟು, ಗಾಡಿ ಸ್ಟಾರ್ಟ್ ಮಾಡಕೂಡದು ಎಂದ. ಮೇಷ್ಟ್ರು ಸ್ಟೀರಿಂಗ್ ಹಿಡಿದರು, ಮಾವ ಬೆನ್ನು ಹಿಡಿದರು.

ಅಂದಿನಿಂದ ಮಾವನ ಶೆಡ್ಡಿನ ರೀತಿಯೇ ಬೇರೆಯಾಯಿತು. ಉಳಿದವರು ಕಾರಿನ ಗಾಜಿನ ಮೇಲೆ ಬೆಲೆ ಬರೆಯುತ್ತಾರೆ. ಇವರು ತೆರಿಗೆ, ಇನ್ಶೂರೆನ್ಸ್ ಮುಗಿಯುವ ತಾರೀಖು ಬರೆದರು. ಗೇಟಿಗೆ ‘ತೆರಿಗೆ ತೆರದೆ ಗೇಟು ತೆರೆಯದು’ ಎಂಬ ಬೋರ್ಡು ಬಂತು, ಮಾವನಿಗೆ ‘ತಾರೀಖಪ್ಪ’ ಎಂಬ ಹೆಸರು ಬಂತು. ಗಿರಾಕಿಯ ಲೈಸೆನ್ಸ್ ನೋಡಿ, ಮಾಲೀಕರಲ್ಲದವರು ಓಡಿಸಿದರೂ ಇನ್ಶೂರೆನ್ಸ್ ಹೊಣೆ ಹೊರುತ್ತದೆಯೇ ಎಂದು ಪಾಲಿಸಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಣೆಗೇರಿಸಿ ಓದಿ, ಆಮೇಲೆ ಕೀಲಿ ಕೊಡುವರು. ಓದು ಮುಗಿಯುವಷ್ಟರಲ್ಲಿ ಅರ್ಧ ಗಿರಾಕಿಗಳು ಎದುರಂಗಡಿಯಲ್ಲಿರುತ್ತಿದ್ದರು.

ಹೀಗಾಗಿ, ಕಾಗದಗಳೆಲ್ಲ ಅಚ್ಚುಕಟ್ಟಾಗಿವೆಯೆಂದು ಮಾವ ಕೊಂಡು ತರಿಸಿದ್ದ ನೀಲಿ ಕಾರೊಂದು ಎಂಟು ತಿಂಗಳಿಂದ ಶೆಡ್ಡಿನಲ್ಲೇ ಬೇರು ಬಿಟ್ಟಿತ್ತು. ಕೊನೆಗೆ ಅತ್ತೆಯ ತಾಳ್ಮೆಯ ತಾರೀಖೂ ಮುಗಿಯಿತು. ಶೆಡ್ಡು ಅವರ ತವರಿನದು. ಶನಿವಾರ ಸಂಜೆಯೊಳಗೆ ನೀಲಿ ಕಾರು ಹೋಗದಿದ್ದರೆ ಅರ್ಧ ಶೆಡ್ಡನ್ನು ತಮ್ಮನ ಟೈರು ವ್ಯಾಪಾರಕ್ಕೆ ಬಿಟ್ಟುಕೊಡುವುದಾಗಿ ಹೇಳಿಬಿಟ್ಟರು. ಈ ಭಾವಮೈದನ ಟೈರಿಗಿಂತ ಬಾಯಲ್ಲೇ ಗಾಳಿ ಹೆಚ್ಚು ಎಂಬುದು ಮಾವನ ಬಹಳ ದಿನಗಳ ಅಭಿಪ್ರಾಯ.

ಶನಿವಾರ ಬೆಳಿಗ್ಗೆ ಒಬ್ಬ ನರ್ಸಮ್ಮ ಬಂದರು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ಕೆಲಸ. ನೀಲಿ ಕಾರು ನೋಡಿದ ಕೂಡಲೇ ಒಪ್ಪಿದರು. ಒಂದು ಸುತ್ತು ಓಡಿಸಿ ನೋಡಬೇಕೆಂದರು. ಕೀಲಿ ಚಾಚಿದ್ದ ಮಾವನ ಕೈ ಗಾಜಿನ ಮೇಲಿನ ತಾರೀಖು ಕಂಡು ಹಿಂದಕ್ಕೆ ಬಂತು. ತೆರಿಗೆ ಮೊನ್ನೆ ಮುಗಿದಿತ್ತು.

“ಆ ತಿರುವಿನ ತನಕ ಹೋಗಿ ಬಂದ್ರೆ ಏನಾಗತ್ತೆ ರೀ?” ಎಂದರು ಅತ್ತೆ.

“ಆ ತಿರುವೇ ಕಣೇ,” ಎಂದರು ಮಾವ.

ನರ್ಸಮ್ಮನಿಗೆ ಶೆಡ್ಡಿನೊಳಗೇ ಓಡಿಸುತ್ತಿರಲು ಹೇಳಿ ಮಾವ ತೆರಿಗೆ ಕಚೇರಿಗೆ ಓಡಿದರು. ಆಕೆ ಕಂಬಕ್ಕೂ ನಲ್ಲಿಗೂ ನಡುವೆ ಫಸ್ಟ್ ಗೇರಿನಲ್ಲಿ ಹನ್ನೊಂದು ಸುತ್ತು ಹಾಕಿ, ಹಾರ್ನ್ ಚೆನ್ನಾಗಿದೆ ಎಂಬ ತೀರ್ಮಾನಕ್ಕೆ ಬಂದರು. ಅಷ್ಟರಲ್ಲಿ ಭಾವಮೈದ ಅಳತೆಯ ಟೇಪು ಹಿಡಿದು ಬಂದು ಗೋಡೆಯಿಂದ ಗೋಡೆಗೆ ಅಳೆಯತೊಡಗಿದ. ಎದುರಂಗಡಿಯವನು ಕೀಲಿಗೊಂಚಲು ಅಲ್ಲಾಡಿಸಿ ಕರೆದರೂ ನರ್ಸಮ್ಮ ಕದಲಲಿಲ್ಲ. ಪೇಪರನ್ನೇ ಇಷ್ಟು ನೋಡುವವರು ಗಾಡಿಯನ್ನು ಇನ್ನೆಷ್ಟು ನೋಡಿರಬೇಕು ಎಂದು ಅತ್ತೆಯ ಹತ್ತಿರ ಹೇಳಿದರಂತೆ.

ಮಾವ ಬೆವರೊರೆಸಿಕೊಳ್ಳುತ್ತ ಬಂದಾಗ ಕೈಯಲ್ಲಿ ತೆರಿಗೆಯ ರಸೀದಿ ಇತ್ತು. ಹೊರಗಿನವರು ಓಡಿಸಿದರೂ ವಿಮೆ ಸಲ್ಲುತ್ತದೆಂದು ಏಜೆಂಟನಿಂದ ಬರೆಸಿಕೊಂಡ ಪತ್ರವೂ ಇತ್ತು.

ಗೇಟು ತೆರೆಯಿತು. ಮಾವ ಪಕ್ಕದಲ್ಲಿ, ಅತ್ತೆ ಹಿಂದೆ. ತಿರುವಿನಲ್ಲಿ ಪೇದೆ ಇದ್ದ. ಮಾವ ಗಾಡಿ ನಿಧಾನ ಮಾಡಿಸಿ ಕಾಗದಗಳನ್ನು ಕಿಟಕಿಯಿಂದ ಹೊರಗೆ ಹಿಡಿದರು. ಅವನು ನೋಡದೆಯೇ ಮುಂದೆ ಹೋಗುವಂತೆ ಕೈ ಬೀಸಿದ. ಮಾವನಿಗೆ ಸ್ವಲ್ಪ ಬೇಸರವಾಯಿತು. ಸೇತುವೆ ಹತ್ತಿ, ಇಳಿದು, ಹಿಂದಿರುಗಿದರು.

ನರ್ಸಮ್ಮ ಎಂಜಿನ್ ಆರಿಸಿದರು. ಹಿಂದಿನ ಸೀಟಿನಲ್ಲಿ ಅತ್ತೆಯ ಮುಖ ಅರಳಿತ್ತು. ಭಾವಮೈದ ಟೇಪು ಸುತ್ತುವುದನ್ನು ನಿಲ್ಲಿಸಿ ನಿಂತಿದ್ದ.

“ನಂಗೆ ಗಾಡಿ ವಿಷ್ಯ ಏನೂ ತಿಳಿಯಲ್ಲ. ನೀವೇ ಹೇಳಿಬಿಡಿ ಸಾರ್, ತಗೊಳ್ಳಲಾ?” ಎಂದರು ನರ್ಸಮ್ಮ.

ಮಾವ ಕಾಗದಗಳ ಅಂಚು ಕೂಡಿಸಿ ಮಡಚಿದರು.

“ಬೇಡಮ್ಮಾ. ಸೇತುವೆ ಹತ್ತುವಾಗ ಕ್ಲಚ್ ಜಾರ್ತಿತ್ತು. ನಾನೂ ಇವತ್ತೇ ಮೊದಲು ಇದ್ರಲ್ಲಿ ಕೂತಿದ್ದು.”