ನಾನೇ ಸಾಕಿ ಬೆಳೆಸಿದ ಸೀಟಿ

ನನ್ನ ಅಡಿಗೆಮನೆಯ ಡ್ರಾಯರಿನೊಳಗೆ ಹಾಲಿನ ಕುಕ್ಕರಿಗೆ ಹಾಕುವ ಪುಟ್ಟ ಸೀಟಿಗಳು ಮೂರು ಬಿದ್ದಿವೆ. ಮೂರೂ ಥಳಥಳಿಸುವ ಹೊಸವು, ಮೂರೂ ನನ್ನಿಂದ ನಾಲಾಯಕ್ ಎನ್ನಿಸಿಕೊಂಡು ಮೂಲೆ ಸೇರಿದವು. ನಿಮ್ಮ ಮನೆಯಲ್ಲೂ ಇಂಥ ಕುಕ್ಕರ್ ಇದ್ದೀತು. ಎರಡು ಪದರದ ನಡುವೆ ನೀರು ತುಂಬಿ ಒಲೆಯ ಮೇಲಿಟ್ಟರೆ ಹಾಲು ಉಕ್ಕುವುದಿಲ್ಲ, ಕಾದೊಡನೆ ಸೂಜಿಯಷ್ಟು ಸಣ್ಣ ದನಿಯಲ್ಲಿ ಸೀಟಿ ಹೊಡೆದು ನಮ್ಮನ್ನು ಕರೆಯುತ್ತದೆ. ಪೊಲೈಟ್ ಮತ್ತು ಪಂಕ್ಚುಅಲ್: ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಕಲಿಸಲು ಹೆಣಗಿದ ಎರಡೂ ಗುಣ ಆ ಪಾತ್ರೆಗೆ ಹುಟ್ಟಿನಿಂದಲೇ ಬಂದಿದ್ದವು. ಹೋದ ದೀಪಾವಳಿಯ ಆಚೀಚೆ ಅದು ಮೌನ ಹಿಡಿಯಿತು. ಗಡಹಿಂಗ್ಲಜದ ಬಜಾರಿನಲ್ಲಿ ಪಾತ್ರೆ ಅಂಗಡಿಯವನೊಡನೆ ವಾದ ಮಾಡಿ ಸೀಟಿ ಬದಲಿಸಿದೆ, ಮತ್ತೆರಡು ಸಲ ಬದಲಿಸಿದೆ, ಗುಣ ಕಾಣದೆ ಕೊನೆಗೆ ಹಳೆಯದನ್ನೇ ಹಾಕಿದೆ. ಆದರೂ ಒಂದು ದಿನವೂ ನನ್ನ ಹಾಲು ಹೊತ್ತಲಿಲ್ಲವೆಂದರೆ ಅದಕ್ಕೆ ಕಾರಣ ಪಕ್ಕದ ಮನೆಯ ಸುಜಾತಾ ವಹಿನಿ. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ "ಕಾಕೂ, ದೂಧ!" ಎಂದು ಕೂಗುತ್ತಾಳೆ. "ಹೋ, ಐಕಲಂ!" ಕೇಳಿಸಿತು ಮಾರಾಯ್ತಿ ಎಂದು ನಾನೂ ಗತ್ತಿನಿಂದ ಅವಳ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದೆ. ಎರಡು ಗೋಡೆ ದಾಟಿ ಪರರ ಹಾಲಿನ ವಾಸನೆ ಹಿಡಿಯುವ ಮೂಗು ಎಂಥದಿದ್ದೀತು ಎಂದು ಒಳಗೊಳಗೇ ನಕ್ಕದ್ದೂ ಉಂಟು.

ಈ ಊರಿನಲ್ಲಿ ನನಗಿರುವ ಮರ್ಯಾದೆಯೆಲ್ಲ ನನ್ನ ಕಿವಿಗಳ ಗಳಿಕೆ. ನಮ್ಮಪ್ಪ ಬೆಲ್ಲದ ವ್ಯಾಪಾರಿ. ಇಂಗ್ಲಿಷ್ ಬರಲಿ ಎಂಬ ಒಂದೇ ಆಸೆಗೆ, ಹಣೆಯ ವಿಭೂತಿ ಅಳಿಸದಂತೆ, ನನ್ನನ್ನು ಕೊಲ್ಹಾಪುರದ ಕಾನ್ವೆಂಟಿನ ಹಾಸ್ಟೆಲ್ಲಿಗೆ ಹಾಕಿದ. ಅಲ್ಲಿ ಇಂಗ್ಲಿಷಿನ ಜೊತೆಗೆ ನನಗೆ ಸಿಕ್ಕಿದ್ದು ಚಾಪೆಲ್ಲಿನ ಪೆಡಲ್ ಆರ್ಗನ್. ಕಾಲಿನಿಂದ ತುಳಿದು ಗಾಳಿ ತುಂಬಬೇಕು. ಸ್ವರ ಹುಟ್ಟುವ ಮೊದಲು ಅದೊಂದು ನಿಟ್ಟುಸಿರು ಬಿಡುತ್ತಿತ್ತು, ಹೇಳಬೇಕಾದ ಮಾತನ್ನು ಒಮ್ಮೆ ಯೋಚಿಸಿ ಆಡುವ ಹಿರಿಯರ ಹಾಗೆ. ಮದುವೆಯಾಗಿ ಗಡಹಿಂಗ್ಲಜಕ್ಕೆ ಬಂದಮೇಲೆ ಶಾಲೆಯ ಮಕ್ಕಳಿಗೆ ಹಾಡು ಕಲಿಸಿದೆ. ಭಜನೆಯ ಹಾರ್ಮೋನಿಯಂ ಪೇಟಿಗಳು ಅಪಸ್ವರ ಹಿಡಿದರೆ ಜನ ಅವನ್ನು ಎತ್ತಿಕೊಂಡು ನಮ್ಮ ಪಡಸಾಲೆಗೇ ತರುತ್ತಿದ್ದರು. "ಬಾಯೇರ ಕಿವಿಗೆ ಹಚ್ಚಿದ ಪೇಟಿ" ಎಂದರೆ ಅದಕ್ಕೆ ಸರ್ಟಿಫಿಕೇಟ್ ಬೇಕಿರಲಿಲ್ಲ. ಚಾಪೆಲ್ಲಿನ ಆರ್ಗನ್ನನ್ನು ಗೆದ್ದಲು ತಿಂದು ಬಹಳ ಕಾಲವಾಯಿತು. ಸಾಯುವ ಮೊದಲು ಒಮ್ಮೆ ಆ ದನಿ ಕೇಳಬೇಕೆಂಬುದೊಂದೇ, ದೇವರಲ್ಲಿ ಕೇಳಲು ನಾಚಿಕೆಯಾಗುವಷ್ಟು ಸಣ್ಣ ಆಸೆ, ನನ್ನಲ್ಲಿ ಉಳಿದಿತ್ತು.

ಈ ಆಸೆಯನ್ನು ನನ್ನ ತಂಗಿಯ ಮೊಮ್ಮಗಳು ಸ್ನೇಹಲ್ ಹಿಡಿದುಕೊಂಡಳು. ಅವಳ ಅಪ್ಪ ಮಹಾಂತೇಶ ಇಚಲಕರಂಜಿಯಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಅವಳು ಕೊಲ್ಹಾಪುರದಲ್ಲಿ ಎಂಜಿನಿಯರಿಂಗ್ ಓದುತ್ತಾಳೆ, ಐತವಾರ ನನ್ನ ಹತ್ತಿರ ಬರುತ್ತಾಳೆ. ಒಂದು ಐತವಾರ ಟ್ಯಾಬ್ಲೆಟ್ಟನ್ನೂ ಅಂಗೈಯಗಲದ ಸ್ಪೀಕರನ್ನೂ ನನ್ನ ಊಟದ ಟೇಬಲ್ಲಿನ ಮೇಲಿಟ್ಟು ಹೇಳಿದಳು: "ಅಜ್ಜಿ, ನಿನ್ನ ಆರ್ಗನ್‌ದ ರೆಕಾರ್ಡಿಂಗ್ ಎಲ್ಲೂ ಇಲ್ಲ. ಈಗ ಅದು ಇರೂದು ನಿನ್ನ ತಲಿಯೊಳಗ ಅಷ್ಟ. ಅದನ್ನ ಹೊರಗ ತಗಿಯೂದ ನನ್ನ ಪ್ರಾಜೆಕ್ಟ್."

"ತಲಿ ಒಡದ ತಗೀತಿಯೇನ?"

"ಇಲ್ಲ. ಎವಲ್ಯೂಷನ್ ಮಾಡಿ ತಗೀತೇನಿ."

ನಾನು ಬೆಚ್ಚಿದೆ. ನಮ್ಮ ಬಯಾಲಜಿಯ ಸಿಸ್ಟರ್ ಆ ಚಾಪ್ಟರ್ ಬಂದಾಗ ಮನೆಯಲ್ಲಿ ಓದಿಕೊಳ್ಳಿ ಎಂದು ಹೇಳಿ ಕ್ರಾಸ್ ಮಾಡಿಕೊಂಡು ಮುಂದಿನ ಪುಟಕ್ಕೆ ಹಾರುತ್ತಿದ್ದರು. ಈಗ ಈ ಹುಡುಗಿ ಮಂಗನಿಂದ ಮನುಷ್ಯನಾದ ದಾರಿಯಲ್ಲೇ ಚಾಪೆಲ್ಲಿನ ಆರ್ಗನ್ನೂ ಹುಟ್ಟಿ ಬರುತ್ತದೆ ಎನ್ನುತ್ತಾಳಲ್ಲ!

ಅವಳು ತಿಳಿಸಿಕೊಟ್ಟದ್ದನ್ನು ನನಗೆ ತಿಳಿದಷ್ಟು ನಿಮಗೂ ಹೇಳುತ್ತೇನೆ. ಸಿಂಥಸೈಜರ್ ಎಂಬುದು ಇಲ್ಲದ ವಾದ್ಯದ ದನಿಯನ್ನು ವಿದ್ಯುತ್ತಿನಿಂದ ಹೊರಡಿಸುವ ಯಂತ್ರ. ಅದಕ್ಕೆ ಲೆಕ್ಕವಿಲ್ಲದಷ್ಟು ತಿರುಪುಗಳು. ಯಾವುದನ್ನು ಎಷ್ಟು ತಿರುಗಿಸಿದರೆ ಯಾವ ನಾದ ಬಂದೀತೆಂದು ಊಹಿಸಿ ಮುಗಿಸಲು ಒಂದು ಆಯುಷ್ಯ ಸಾಲದು. ಆದ್ದರಿಂದ ಕಂಪ್ಯೂಟರು ಕಣ್ಣುಮುಚ್ಚಿ ತಿರುಪುಗಳನ್ನು ಹೇಗೆಂದರೆ ಹಾಗೆ ತಿರುಗಿಸಿ ಎಂಟು ದನಿಗಳನ್ನು ಹುಟ್ಟಿಸಿ ನಮ್ಮ ಮುಂದಿಡುತ್ತದೆ. ನಾವು ಮನಸ್ಸಿಗೆ ಹತ್ತಿರವಾದ ಎರಡನ್ನು ಆರಿಸುತ್ತೇವೆ. ಆ ಎರಡಕ್ಕೆ ಮದುವೆಯಾಗಿ, ಅಪ್ಪನ ಒಂದಿಷ್ಟು ಅವ್ವನ ಒಂದಿಷ್ಟು ಲಕ್ಷಣ ಹೊತ್ತು, ಜೊತೆಗೆ ಯಾರದೂ ಅಲ್ಲದ ಒಂದು ಸಣ್ಣ ತಪ್ಪನ್ನೂ ಹೊತ್ತು ಹೊಸ ಎಂಟು ಮಕ್ಕಳು ಹುಟ್ಟುತ್ತವೆ. ಉಳಿದವು ಹೆಸರಿಲ್ಲದೆ ಅಳಿಯುತ್ತವೆ. ನನ್ನ ತಾಯಿಯ ತವರು ಆಜರಾದಲ್ಲಿ ಹೆಂಗಸರು ಗದ್ದೆಗಿಳಿದು, ತೆನೆಯನ್ನು ಮೂಗಿಗೆ ಹಿಡಿದು, ಪರಿಮಳ ಬಂದದ್ದನ್ನಷ್ಟೇ ಬೀಜಕ್ಕೆ ತೆಗೆದಿಡುತ್ತಿದ್ದರು. ಇದೂ ಅದೇ, ಮೂಗಿನ ಬದಲು ಕಿವಿ.

"ಯಾಕ ಆರಿಸಿದಿ ಅಂತ ಹೇಳಬ್ಯಾಡ, ನಾನೂ ಕೇಳಂಗಿಲ್ಲ," ಎಂದಳು ಸ್ನೇಹಲ್. "ಆರ್ಗನ್ ಬಂತೋ ಇಲ್ಲೋ ಅಂತ ಹೇಳಾಕ ಈ ಜಗತ್ತಿನ್ಯಾಗ ಇರೂದು ನಿನ್ನ ಕಿವಿ ಒಂದ."

ಇಂಥ ಮಾತು ಕೇಳಿದರೆ ಯಾವ ಮುದುಕಿ ಹಿಗ್ಗುವುದಿಲ್ಲ ಹೇಳಿ? ಆ ಚಳಿಗಾಲವೆಲ್ಲ ನನ್ನ ಬೆಳಗುಗಳು ಕನ್ಯಾವರಗಳ ಸಂತೆಯಾದವು. ಸುಜಾತಾ ವಹಿನಿ ಕೂಗಿ, ಹಾಲಿಳಿಸಿ, ಚಹಾದ ಕಪ್ಪು ಹಿಡಿದು ಕುಳಿತೆನೆಂದರೆ ದನಿಗಳ ಸೋಯರಿಕೆ ಕೂಡಿಸುವ ಕೆಲಸ. ಮೊದಮೊದಲ ಪೀಳಿಗೆಗಳು ಗಂಟಲು ಕೆಟ್ಟ ಟಗರುಗಳು, ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಗಳು, ಬಿದ್ರಿಯ ಸಕ್ಕರೆ ಕಾರಖಾನೆಯ ಪಾಳಿ ಕೂಗುವ ಭೋಂಗಾ. ಅವುಗಳೊಳಗೂ ಒಂದರಲ್ಲಿ ಒಂದಿಷ್ಟು ಮರದ ಮೆದುತನ, ಇನ್ನೊಂದರಲ್ಲಿ ಗಾಳಿಯ ತೇವ ಕಂಡು ಜೋಡಿ ಮಾಡಿದೆ. ವಾರಗಳು ಕಳೆದಂತೆ ದನಿಗಳ ನಡತೆ ಸುಧಾರಿಸಿತು. ಒಂದು ಮುಂಜಾನೆ ಹುಟ್ಟಿದ ಮಗುವೊಂದು ಸ್ವರಕ್ಕೆ ಮುಂಚೆ ನಿಟ್ಟುಸಿರಿಟ್ಟಿತು. ಕಪ್ಪನ್ನು ಕೆಳಗಿಟ್ಟು ಅದನ್ನೇ ಮತ್ತೆ ಮತ್ತೆ ಕೇಳಿದೆ. ಯಾರೂ ಆ ಯಂತ್ರಕ್ಕೆ ನಿಟ್ಟುಸಿರಿನ ವಿಷಯ ಹೇಳಿರಲಿಲ್ಲ. ಎಲ್ಲೋ ಒಂದು ತಪ್ಪು ತಿರುಪಿನಿಂದ ಅದು ತಾನಾಗಿ ಹುಟ್ಟಿತ್ತು, ನಾನು ಅದನ್ನು ಎತ್ತಿಕೊಂಡೆ, ಅಷ್ಟೆ. ಮೇಣದ ವಾಸನೆ, ನೀಲಿ ಪಿನಫೋರು, ಮಂಡಿಯೂರಿ ಮರಗಟ್ಟಿದ ಕಾಲು, ಎಲ್ಲ ಆ ಉಸಿರಿನ ಬೆನ್ನಿಗೆ ಒಳಗೆ ಬಂದವು. ಫಾಲ್ಗುಣದ ಹೊತ್ತಿಗೆ ಸ್ನೇಹಲ್‌ಗೆ ಫೋನು ಮಾಡಿ, "ಬಂತವಾ, ಆರ್ಗನ್ ಬಂತು," ಎಂದೆ.

ಮೊದಲು ಕೇಳಿಸಬೇಕಾದದ್ದು ಮನೆಯವರಿಗೆ ಎಂದು ಮಹಾಂತೇಶ ಕಾರು ಕಳಿಸಿ ಇಚಲಕರಂಜಿಗೆ ಕರೆಸಿಕೊಂಡ. ಮಗ್ಗಗಳಿಗೆ ರಜೆಯ ದಿನ. ಆದರೂ ಅವನೂ ಅವನ ಹೆಂಡತಿಯೂ ಖಟಾಖಟ್ ಸದ್ದಿನ ಮೇಲೆ ಕೂಗಿ ಮಾತಾಡಿದ ರೂಢಿಯಂತೆ ಎದುರಿಗೆ ಕೂತವರಿಗೂ ಕೂಗಿಯೇ ಹೇಳುತ್ತಿದ್ದರು. ಮಗ್ಗ ಅವನ ಕಿವಿ ತಿಂದಿದೆ ಎಂದು ನನಗೆ ಯಾವಾಗಲೂ ಅವನ ಮೇಲೊಂದು ಕನಿಕರ. ಕೊಲ್ಹಾಪುರದಿಂದ ಸ್ನೇಹಲ್‌ಳ ಒಬ್ಬ ಗೆಳತಿ ಬಂದಿದ್ದಳು; ಮನೆಯ ಹೊಸ ಸೊಸೆ ಚಹಾದ ಟ್ರೇ ಹಿಡಿದು ನಿಂತಿದ್ದಳು. ಕೀಬೋರ್ಡಿಗೆ ನನ್ನ ದನಿಯನ್ನು ಜೋಡಿಸಿ ಕೊಟ್ಟರು. ಸಂಜೆಯ ಪ್ರಾರ್ಥನೆಗೆ ಬಾರಿಸುತ್ತಿದ್ದ ನಿಧಾನದ ಧಾಟಿಯೊಂದನ್ನು ಕಣ್ಣುಮುಚ್ಚಿ ಎತ್ತಿಕೊಂಡೆ. ಉಸಿರು, ಆಮೇಲೆ ಸ್ವರ. ಅದೇ, ಅದೇ! ಕಣ್ಣು ತೆರೆದರೆ ಸೊಸೆಯ ಕಣ್ಣಲ್ಲಿ ನೀರು. ಎಂಥ ಸಂಸ್ಕಾರದ ಹುಡುಗಿ, ಸಂಗೀತಕ್ಕೆ ಹೀಗೆ ಕರಗುತ್ತಾಳಲ್ಲ ಎಂದು ಹಿಗ್ಗಿ ಇನ್ನೂ ಜೋರಾಗಿ ಒತ್ತಿದೆ.

"ಆಜ್ಜೀ, ಬಂದ್ ಕರಾ ಕೀ! ಕಾನ್ ಫುಟಾಯಲೇತ!" ನಿಲ್ಲಿಸಿ ಅಜ್ಜಿ, ಕಿವಿ ಒಡೆಯಲಿಕ್ಕೆ ಹತ್ತಿವೆ ಎಂದು ಕೊಲ್ಹಾಪುರದ ಹುಡುಗಿ ಚೀರಿದಳು. ಅವಳ ಎರಡೂ ಬೆರಳು ಎರಡೂ ಕಿವಿಯಲ್ಲಿದ್ದವು. ಓಣಿಯ ನಾಯಿ ಊಳಿಡುತ್ತಿತ್ತು. ಸೊಸೆಯ ಟ್ರೇಯಲ್ಲಿ ಕಪ್ಪುಗಳು ಗಲಗಲ ಎನ್ನುತ್ತಿದ್ದವು.

"ಏ, ಏನಾಗೇತ್ಲೇ ನಿಮಗ?" ಮಹಾಂತೇಶ ಗದರಿದ. "ಎಷ್ಟ ಛಲೋ ಬಾರಸಾಕತ್ತಾಳ ಮಾವಶಿ!"

"ಭಾಳ ಛಂದ ಐತ್ರಿ ಅಜ್ಜಿ," ಎಂದಳು ಸೊಸೆ, ಸೊಸೆಯ ಧರ್ಮಕ್ಕೆ ಕುಂದು ತಾರದೆ, ಹಲ್ಲು ಕಚ್ಚಿಕೊಂಡು.

ಸ್ನೇಹಲ್ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಜ್ಜಿ, ನಿನಗ ಆ ಸೀಟಿ ಕೇಳಸಾಕತ್ತಿಲ್ಲೇನ?"

"ಯಾವ ಸೀಟಿ?"

ಆ ಎರಡು ಶಬ್ದ ನನ್ನ ಬಾಯಿಂದ ಬಿದ್ದಾಗ ಕೋಣೆ ಹೇಗೆ ಸ್ತಬ್ಧವಾಯಿತೆಂದರೆ, ಆ ಸ್ತಬ್ಧತೆಯನ್ನಾದರೂ ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಈಗ ಅನುಮಾನ. ಸ್ನೇಹಲ್ ಸ್ಪೀಕರಿನಲ್ಲಿ ಒಂದು ಒಂಟಿ ಸ್ವರ ಹಚ್ಚಿ, ನಿಧಾನ ಏರಿಸುತ್ತ ಹೋಗುತ್ತೇನೆ, ನಿಂತಾಗ ಕೈ ಎತ್ತು ಎಂದಳು. ಸ್ವರ ಏರಿತು, ಏರಿತು, ತೆಳ್ಳಗಾಯಿತು, ನಿಂತಿತು. ಕೈ ಎತ್ತಿದೆ. ನನ್ನ ಜೊತೆಗೇ ಮಹಾಂತೇಶನೂ ಎತ್ತಿದ. ಗೆಳತಿಯೂ ಸೊಸೆಯೂ ಎತ್ತಲಿಲ್ಲ. ಮುಖ ಹಿಂಡಿಕೊಂಡು ಕೂತೇ ಇದ್ದರು, ಎಷ್ಟೋ ಹೊತ್ತು, ನನಗೆ ಬರಿದಾದ ಗಾಳಿಯಲ್ಲಿ ಏನನ್ನೋ ಸಹಿಸುತ್ತ. ಆ ದೃಶ್ಯದ ಆಘಾತವನ್ನು ನಿಮಗೆ ಹೇಗೆ ಹೇಳಲಿ? ನಾನು ಕನಿಕರ ಪಡುತ್ತಿದ್ದ ಮಗ್ಗದವನ ಸಾಲಿನಲ್ಲೇ, ಅವನ ಪಕ್ಕಕ್ಕೇ, ನನ್ನ ಕೈ ಮೇಲೆದ್ದಿತ್ತು.

ನಡೆದದ್ದಿಷ್ಟು. ಕಂಪ್ಯೂಟರು ನೂರು ದಿಕ್ಕಿಗೆ ತಪ್ಪು ಮಾಡುತ್ತಿತ್ತು. ನನಗೆ ಕೇಳಿಸಿದ ತಪ್ಪುಗಳನ್ನು ಬೇಡವೆಂದು ತೆಗೆದೆ, ಕೇಳಿಸದ ತಪ್ಪುಗಳು ಯಾವ ಅಡ್ಡಿಯೂ ಇಲ್ಲದೆ ಮಗನಿಂದ ಮೊಮ್ಮಗನಿಗೆ ಇಳಿದು, ಕೊಬ್ಬಿ, ಮೇಲಿನ ಸ್ವರಲೋಕದಲ್ಲಿ ಒಂದು ರಾಕ್ಷಸ ಸೀಟಿಯಾಗಿ ಬೆಳೆದವು. ನಾನೇ ಸಾಕಿದ್ದು, ಚಹಾ ಕುಡಿಯುತ್ತ. ಬೀಜ ಆರಿಸುವ ಹೆಂಗಸಿಗೆ ನೆಗಡಿಯಾಗಿದ್ದರೆ ಅಕ್ಕಿಯ ಪರಿಮಳ ಹೋದದ್ದು ಗೊತ್ತಾಗುವುದು ಅವಳಿಗಲ್ಲ, ಉಣ್ಣುವವರಿಗೆ.

"ನೀ ಪ್ರತಿ ಐತವಾರ ಬರ್ತಿದ್ದಿ," ಎಂದೆ. "ನಿನಗ ಕೇಳಸ್ತಿದ್ದಿಲ್ಲೇನ?"

"ಕೇಳಸ್ತಿತ್ತು ಅಜ್ಜಿ. ಕಾನ್ವೆಂಟಿನ ಆರ್ಗನ್ ಹಂಗ ಚೀರತಿರಬೇಕು ಅಂದ್ಕೊಂಡೆ. ನಿನ್ನ ಕಿವಿಗೆ ನಾ ಏನ್ ಹೇಳ್ಲಿ?"

ನನಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಆ ಸೀಟಿಯನ್ನು ನನಗೂ ಕೇಳಿಸು ಎಂದು ಹಟ ಹಿಡಿದೆ. ಬೇಡ ಅಜ್ಜಿ ಎಂದಳು, ಬೇಕು ಎಂದೆ. ಅದೊಂದನ್ನೇ ಬೇರೆ ಮಾಡಿ, ಗಗನದಿಂದ ಹಕ್ಕಿಯನ್ನು ಇಳಿಸಿದ ಹಾಗೆ ಸಪ್ತಕಗಳ ಕೆಳಗೆ ಇಳಿಸುತ್ತ ತಂದು ನನ್ನ ಕಿವಿಯ ಗಡಿಯೊಳಗೆ ಬಿಟ್ಟಳು. ಸ್ಟೀಲಿನ ತಟ್ಟೆಯ ಮೇಲೆ ಮೊಳೆ ಎಳೆದಂತೆ, ನಿಲ್ಲದೆ, ಒಂದೇ ಸಮ. ಒಂದು ಕ್ಷಣಕ್ಕೆ ನನ್ನ ಬೆರಳೂ ಕಿವಿಗೆ ಹೋದವು. ಓ ಮೈ ಗಾಡ್, ಇದರ ಕೆಳಗೆ ಕೂತು ನಾನು ಪ್ರಾರ್ಥನೆ ಬಾರಿಸುತ್ತಿದ್ದೆನೆ!

ಒಂದು ಫಿಲ್ಟರ್ ಹಾಕಿದರೆ ಮುಗಿಯಿತು ಎಂದು ಸ್ನೇಹಲ್ ಆ ಸೀಟಿಯನ್ನು ಕತ್ತರಿಸಿ ಮತ್ತೆ ಬಾರಿಸಲು ಹೇಳಿದಳು. ಗೆಳತಿ ಬೆರಳು ತೆಗೆದಳು, ಸೊಸೆಯ ಮುಖ ಬಿಚ್ಚಿತು, "ಅರೆ, ಕಿತೀ ಗೋಡ್!" ಎಷ್ಟು ಸಿಹಿ ಎಂದು ಕೊಲ್ಹಾಪುರದವಳು ಬೆರಗಾದಳು. ನನಗೆ? ನನಗೆ ಮೊದಲಿನದಕ್ಕೂ ಈಗಿನದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಆ ದಿನದ ಅತಿ ದೊಡ್ಡ ಪೆಟ್ಟು ಅದೇ. ನರಕವೂ ಸ್ವರ್ಗವೂ ನನ್ನ ಕಿವಿಗೆ ಒಂದೇ ಸ್ವರದಲ್ಲಿದ್ದವು. "ಪ್ರಾಜೆಕ್ಟ್‌ನ್ಯಾಗ ಇದನ್ನ ಬರೀಲೇನ ಅಜ್ಜಿ?" ಎಂದು ಅವಳು ಅಳುಕುತ್ತ ಕೇಳಿದಳು. ಬರಿ ಎಂದೆ. ಜಡ್ಜ್‌ನ ಹೆಸರು ಬೇಡ, ವಯಸ್ಸು ಬರಿ.

ಗಡಹಿಂಗ್ಲಜಕ್ಕೆ ಮರಳುವಾಗ ಕಾರಿನ ಕಿಟಕಿಯಾಚೆ ಕಬ್ಬಿನ ಸಾಲುಗಳು ಸರಿಯುತ್ತಿದ್ದವು. ಈ ಎರಡು ವರ್ಷ ಸಂಜೆಯ ಜೀರುಂಡೆಗಳೆಲ್ಲ ಎಲ್ಲಿ ಹೋದವು, ಕಬ್ಬಿಗೆ ಹೊಡೆಯುವ ಔಷಧಕ್ಕೆ ಸತ್ತವು ಎಂದು ನಾನು ಮಹಿಳಾ ಮಂಡಳದಲ್ಲಿ ಭಾಷಣ ಮಾಡಿದ್ದೆ, ಕೇಳಿದವರು ತಲೆಯಾಡಿಸಿದ್ದರು. ಆ ಸಂಜೆಯೂ ಕಿಟಕಿಯ ಹೊರಗೆ ಅವು ಎದೆಬಿರಿಯೆ ಹಾಡುತ್ತಿದ್ದಿರಬೇಕು. ಪಾತ್ರೆ ಅಂಗಡಿಯವನು ನನ್ನ ಮುಂದೆಯೇ ಗಲ್ಲ ಉಬ್ಬಿಸಿ ಆ ಸೀಟಿಗಳನ್ನು ಊದಿ ತೋರಿಸಿದ್ದ. ಪಾಪ, ಇವನ ಎದೆಯಲ್ಲಿ ಕಸುವಿಲ್ಲ ಎಂದುಕೊಂಡಿದ್ದೆ. ಕಣ್ಣು ಹೋದರೆ ಕತ್ತಲೆಯಾದರೂ ಕಾಣುತ್ತದೆ. ಕಿವಿ ಹೀಗೆ ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಹೋದರೆ ಲೋಕವೇ ತಣ್ಣಗೆ ಸಭ್ಯವಾದಂತೆ ಅನ್ನಿಸುತ್ತದೆ, ಮತ್ತು ನಾವು ಅದನ್ನೇ ನೆಮ್ಮದಿ ಎಂದು ಕರೆದುಕೊಳ್ಳುತ್ತೇವೆ. ಸುತ್ತಲಿನವರು ಹಿರಿಯಳೆಂಬ ಮರ್ಯಾದೆಗೆ ಹಲ್ಲು ಕಚ್ಚಿ ಛಂದ ಐತ್ರಿ ಎನ್ನುತ್ತಿರುತ್ತಾರೆ. ನನ್ನ ತಲೆಯೊಳಗಿನ ಆ ಮೂಲದ ಆರ್ಗನ್ನಿಗಾದರೂ ಮೇಲಿನ ಮಿನುಗು ಇನ್ನೂ ಉಳಿದಿದೆಯೋ, ಇಲ್ಲ ನೆನಪೂ ಕಿವಿಯ ಜೊತೆಗೇ ಕೆಳಗಿಳಿದಿದೆಯೋ, ಯಾವ ಸ್ನೇಹಲ್ ಪರೀಕ್ಷೆ ಮಾಡಿ ಹೇಳಬೇಕು?

ಮರುದಿನ ಬೆಳಿಗ್ಗೆ ಕುಕ್ಕರಿಟ್ಟು, ಎಂದಿನಂತೆ ಪೇಪರು ಓದಲು ಹೋಗದೆ ಅದರ ಮುಂದೆಯೇ ನಿಂತೆ. ಸೀಟಿಯ ಬಾಯಿಂದ ಬಿಳಿಯ ಆವಿಯ ಎಳೆಯೊಂದು ಸರ್ರನೆ ಹೊರಟಿತು, ನೇರವಾಗಿ, ಬಿರುಸಾಗಿ. ಅಂಗೈ ಒಡ್ಡಿದೆ, ಸುಟ್ಟಿತು. ಅದು ನನ್ನನ್ನು ಕರೆಯುತ್ತಿತ್ತು, ಇಷ್ಟು ದಿನವೂ ತಪ್ಪದೆ ಕರೆಯುತ್ತಿತ್ತು, ಪೊಲೈಟ್ ಮತ್ತು ಪಂಕ್ಚುಅಲ್.

"ಕಾಕೂ, ದೂಧ!"

"ಹೋ" ಎಂಬ ಮಾತು ರೂಢಿಯಂತೆ ತುಟಿಗೆ ಬಂದಿತ್ತು. ಅದನ್ನು ಅಲ್ಲೇ ತಡೆದು, ಗ್ಯಾಸ್ ಆರಿಸಿ, ಗೋಡೆಯ ಹತ್ತಿರ ಹೋಗಿ ಕೂಗಿದೆ: "ಮಲಾ ಐಕೂ ಯೇತ ನಾಹೀ ಗ, ಸುಜಾತಾ." ನನಗೆ ಕೇಳಿಸುವುದಿಲ್ಲವೇ, ಸುಜಾತಾ.

ಆಚೆ ಕಡೆ ಪಾತ್ರೆಯ ಸದ್ದು ನಿಂತಿತು. ಆಮೇಲೆ ಅವಳು ದನಿ ತಗ್ಗಿಸಿ, ಬಹಳ ಮೆಲ್ಲಗೆ ಏನೋ ಅಂದಳು.

"ಜೋರಾಗಿ ಹೇಳವಾ," ಎಂದೆ ಕನ್ನಡದಲ್ಲೇ.

"ಮಲಾ ಮಾಹೀತ ಆಹೇ, ಕಾಕೂ!" ಅವಳು ಓಣಿಗೆಲ್ಲ ಕೇಳುವಂತೆ ಕೂಗಿದಳು. ನನಗೆ ಗೊತ್ತಿದೆ, ಕಾಕೂ.