ಶರಣಮ್ಮನ ಬೇವು, ಸಾಹೇಬರ ಬೀಚ್

ಪುಣೆಯ ಹಡಪಸರದ ಆ ಎತ್ತರದ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವಳು ಶರಣಮ್ಮ. ಕಟ್ಟಡ ಎದ್ದು ನಿಂತ ಮೇಲೆ ಅಲ್ಲಿನ ದೊಡ್ಡ ಉದ್ಯಾನಕ್ಕೇ ಮಾಲಿಯಾದಳು. ಯಾದಗಿರಿ ಕಡೆಯವಳು, ಬಿಸಿಲು ಅಂದರೇನೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ. ನಡುವೆ ಇದ್ದ ಬೇವಿನ ಮರಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ, ಏಳು ತಿಂಗಳ ಮಗಳನ್ನು ಮಲಗಿಸಿ, ಕಳೆ ಕೀಳುತ್ತಿದ್ದಳು.

ಸೊಸೈಟಿಯ ಕಾರ್ಯದರ್ಶಿ ಮಧ್ವೇಶರಾಯರು ಎಂಟು ದಿನ ಜರ್ಮನಿ ನೋಡಿ ಬಂದವರು. ಬಂದಾಗಿನಿಂದ ಇಲ್ಲಿನ ಮರಗಳೆಲ್ಲ ಅವರ ಕಣ್ಣಿಗೆ ಹಳ್ಳಿಯ ಬಡ ನೆಂಟರು. ಹಿಮ ಬೀಳುವ ಸೀಮೆಯ ಬೀಚ್ ಎಂಬ ಮರದ ಸಸಿ ತರಿಸಿ, ಜನವರಿಯಲ್ಲಿ ಹನ್ನೆರಡನ್ನು ಬಟಾಬಯಲಿನ ಹುಲ್ಲಿನಲ್ಲಿ ಸಾಲಾಗಿ ನೆಡಿಸಿದರು. ಬುಡದಲ್ಲಿ ಒಂದು ತರಗೆಲೆ ಕಂಡರೂ ಅವರಿಗೆ ಅವಮಾನ. ಹದಿಮೂರನೆಯದು ಸೊಟ್ಟಗಿತ್ತು, ಕಸಕ್ಕೆ ಹಾಕು ಅಂದರು ಶರಣಮ್ಮನಿಗೆ.

“ಆ ಬೇವಿನ ಗಿಡ ನೋಟಕ್ಕ ಅಡ್ಡ ಬರ್ತದ. ಮಳಿಗಾಲಕ್ಕ ಮೊದಲ ಕಡಸ್ತೀನಿ.”

“ಕೂಸಿನ್ನ ಎಲ್ಲಿ ಮಲಗಸ್ಲಿರಿ, ಸಾಹೇಬ್ರ?”

“ಇದೇನು ಗಾರ್ಡನ್ನೋ, ನಿನ್ನ ಬಾಣಂತಿ ಖೋಲಿನೋ?”

ಸೊಟ್ಟ ಸಸಿಯನ್ನು ಎಸೆಯಲು ಶರಣಮ್ಮನಿಗೆ ಕೈ ಬರಲಿಲ್ಲ. ಬೇವಿನ ನೆರಳಿನಲ್ಲಿ ನೆಟ್ಟು, ಗುಡಿಸಿದ ತರಗೆಲೆಯನ್ನೆಲ್ಲ ಅದರ ಬುಡಕ್ಕೆ ಹೊದಿಸಿ, ಕೂಸಿನ ಬಟ್ಟೆ ಹಿಂಡಿದ ನೀರನ್ನೇ ಹಾಕಿದಳು.

ಏಪ್ರಿಲ್‌ನಲ್ಲಿ ಸಾಹೇಬರ ಹನ್ನೆರಡೂ ಗಿಡದ ಚಿಗುರು ಸುಟ್ಟ ಹಪ್ಪಳವಾಯಿತು. ರಾಯರು ಟೆಂಪೋದಲ್ಲಿ ಬರ್ಫದ ಗಡ್ಡೆ ತರಿಸಿ ಬುಡಕ್ಕೆ ಇಡಿಸಿದರು.

“ಹಣಿಗೆ ಒದ್ದಿ ಬಟ್ಟಿನೂ ಹಾಕೂಣೇನ್ರಿ?” ಎಂದಳು ಜೊತೆಗಾತಿ ಸಾಬವ್ವ, ಮುಖ ಬಿಗಿಹಿಡಿದು.

ಬರ್ಫ ಕರಗಿತು. ಗಿಡಗಳು ಕಟ್ಟಿಗೆಯಾದವು. ಮೇ ತಿಂಗಳಲ್ಲಿ ರಾಯರು ಕರೆಸಿದ ಸಸ್ಯತಜ್ಞೆ ಅಭಿಲಾಷ ಬೆಂಗಳೂರಿನಿಂದ ಬಂದಳು. ಹನ್ನೆರಡನ್ನೂ ದಾಟಿ ನಡೆದು, ಬೇವಿನ ಕೆಳಗಿನ ಹಸಿರೆಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಎಳೆ ಬೀಚ್‌ಗೆ ಹೀಗೇ ನೆರಳು ಬೇಕು, ಬುಡಕ್ಕೆ ಎಲೆ ಬೇಕು. ಯಾರು ನೆಟ್ಟಿದ್ದು?”

“ಪ್ರಯೋಗಕ್ಕಂತ ನಾನೇ ಹೇಳಿದ್ದೆ,” ಅಂದರು ರಾಯರು. ನಾಲಿಗೆ ತೊದಲಲೂ ಇಲ್ಲ.

“ಹಾಗಾದ್ರೆ ಈ ಬೇವನ್ನ ಮುಟ್ಟಲೇಬೇಡಿ ಸರ್. ಪುಣೆ ಸೆಕೆಯಲ್ಲಿ ಈ ಬೀಚ್ ಎಷ್ಟು ವರ್ಷ ಬದುಕುತ್ತೋ ಗೊತ್ತಿಲ್ಲ. ಬೇವು ಕಡಿದ್ರೆ ಒಂದು ವಾರವೂ ಇಲ್ಲ.”

“ಛೆ, ಕಡಿಯೋರು ಯಾರು?”

ಸಾಬವ್ವ ಶರಣಮ್ಮನನ್ನು ತಿವಿದಳು: ಹೇಳೇ, ನೀನೇ ನೆಟ್ಟಿದ್ದಂತ. ಅಷ್ಟರಲ್ಲಿ ಜೋಳಿಗೆ ಅಲುಗಿತು. ಶರಣಮ್ಮ ಕೂಸನ್ನು ಎತ್ತಿ ಸೆರಗಿನೊಳಗೆ ಹಾಕಿಕೊಂಡಳು.

“ಸಾಹೇಬ್ರ ತಲಿ ಭಾಳ ದೊಡ್ಡದ್ರಿ ಮೇಡಂ,” ಎಂದು, ರಾಯರ ಕಣ್ಣೆದುರೇ ಬೇವಿನ ಬುಡಕ್ಕೆ ಒರಗಿ ಹಾಲು ಕುಡಿಸಲು ಕೂತಳು.