ಒಂದೇ ಪಟ್ಟಿಗೆ ಇಬ್ಬರು ಯಜಮಾನರು

ಬೀದಿಯವರಿಗೆಲ್ಲ ಅವಳು ಟೈಪಿಂಗ್ ಟೀಚರ್. ಶಾಲೆ ಮುಚ್ಚಿತೆಂದು ಕೈಕಟ್ಟಿ ಕೂರುವ ಹೆಂಗಸಲ್ಲ. ಐವತ್ತರ ಹೊಸ್ತಿಲಲ್ಲಿ ಮಗಳ ಪಕ್ಕ ಕೂತು ಪ್ರೋಗ್ರಾಮಿಂಗ್ ಕಲಿತಳು. "ಅಮ್ಮ, ಹೋಂವರ್ಕ್ ಆಯ್ತಾ?" ಎಂದು ಮಗಳೇ ಗದರುವ ಕಾಲ ಬಂತು.

ಕಲಿತ ವಿದ್ಯೆ ಮೊದಲು ಬಿದ್ದದ್ದು ಬೀದಿಯ ಹಾಡುಗಾರರ ಸಂಘದ ಮೇಲೆ. ಯಾವ ಹಾಡಿನ ನಂತರ ಯಾವುದು ಎಂದು ವೇದಿಕೆಯ ಪರದೆಗೆ ತೋರಿಸುವ ಪ್ರೋಗ್ರಾಮನ್ನು ಬರೆದಳು. 'ಹಾಡುಪಟ್ಟಿ' ಎಂಬೊಂದು ಕ್ಲಾಸು, ಅಂದರೆ ಅಚ್ಚು. ಅದರಲ್ಲಿ ಎರಕ ಹೊಯ್ದ ಹಾಗೆ ಮಕ್ಕಳ ತಂಡಕ್ಕೊಂದು, ಹಿರಿಯರ ತಂಡಕ್ಕೊಂದು ಆಬ್ಜೆಕ್ಟು. ಸಂಘ ಆರಿಸಿದ ಹಾಡುಗಳ ಪಟ್ಟಿಯನ್ನು ಎರಡಕ್ಕೂ ಕೊಟ್ಟಳು.

ತಾಲೀಮಿನ ದಿನ ಹಿರಿಯರ ತಂಡದ ಮುಖಂಡರಾದ ಅವಳ ಮಾವ ಕೈ ಎತ್ತಿದರು.

"ಈ ದೋಣಿ ಹಾಡು ಓಡೋ ಕುದುರೆ ಇದ್ದ ಹಾಗಿದೆ. ನಮ್ಮ ಉಸಿರಿಗೆ ಆಗಲ್ಲ, ತೆಗೆದುಬಿಡಮ್ಮ."

ತೆಗೆದಳು. ಮಕ್ಕಳ ಸರದಿ ಬಂದಾಗ ಅವರ ಪರದೆಯಲ್ಲೂ ದೋಣಿ ಹಾಡು ನಾಪತ್ತೆ. ಬಾಯಿಪಾಠ ಮಾಡಿ ಬಂದಿದ್ದ ಮಕ್ಕಳು ಮುಖ ಊದಿಸಿಕೊಂಡರು.

"ತಾತ, ನಮ್ಮದ್ಯಾಕೆ ಕಿತ್ಕೊಂಡ್ರಿ?"

"ನಾನು ಮುಟ್ಟೇ ಇಲ್ಲ ಕಣ್ರೋ."

ಟೀಚರ್ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡಳು. ಮಗಳು ಬಗ್ಗಿ ನೋಡಿ, "ಕನ್‌ಸ್ಟ್ರಕ್ಟರ್ ತೋರಿಸು" ಎಂದಳು. ಆಬ್ಜೆಕ್ಟ್ ಹುಟ್ಟುವ ಗಳಿಗೆಯಲ್ಲಿ ಅದಕ್ಕೆ ಬೇಕಾದ್ದನ್ನೆಲ್ಲ ಅಣಿಮಾಡುವ ಸಾಲುಗಳವು. ಅಲ್ಲಿ ಟೀಚರ್, ಹೊರಗಿನಿಂದ ಬಂದ ಪಟ್ಟಿಯನ್ನೇ ಪ್ರತಿ ಆಬ್ಜೆಕ್ಟೂ ತನ್ನದೆಂದು ಇಟ್ಟುಕೊಳ್ಳುವಂತೆ ಬರೆದಿದ್ದಳು.

"ಅಯ್ಯೋ, ಒಂದೇ ಪಟ್ಟಿಗೆ ಇಬ್ಬರು ಯಜಮಾನರನ್ನ ಮಾಡಿದೀನಲ್ಲೇ!" ಎಂದು ನಕ್ಕಳು. "ಒಬ್ಬರು ಅಳಿಸಿದ್ರೆ ಇಬ್ಬರದ್ದೂ ಹೋಗುತ್ತೆ. ಪ್ರತಿ ತಂಡಕ್ಕೂ ಹೊಸ ಪಟ್ಟಿ ಮಾಡಿ, ಹಾಡುಗಳನ್ನ ಅದಕ್ಕೆ ನಕಲು ಮಾಡ್ಕೋಬೇಕು."

"ಯಾರೂ ಪಟ್ಟಿನೇ ಕೊಡದೆ ಇದ್ರೆ?" ಮಗಳು ಪರೀಕ್ಷೆಗಿಳಿದಳು.

"ಖಾಲಿ ಪಟ್ಟಿ ಕೊಡ್ತೀನಿ. ಖಾಲಿ ತಟ್ಟೆ ಇದ್ರೆ ಆಮೇಲಾದರೂ ಬಡಿಸಬಹುದು. ತಟ್ಟೆನೇ ಇಲ್ಲದೆ ಇದ್ರೆ ಎಲ್ಲಿಗೆ ಬಡಿಸೋದು?"

ಮಗಳು ಅವಳ ಬೆನ್ನು ತಟ್ಟಿದಳು. ತಿದ್ದಿದ್ದು ಎರಡೇ ಸಾಲು. ಮಾವ ಅನುಮಾನದಿಂದಲೇ ತಮ್ಮ ಪಟ್ಟಿಗೆ ಮರಳಿದ್ದ ದೋಣಿ ಹಾಡನ್ನು ಮತ್ತೆ ತೆಗೆಸಿ, ಮಕ್ಕಳ ಪರದೆಗೆ ಕತ್ತು ಚಾಚಿದರು. ಅಲ್ಲಿ ಒಂದಕ್ಷರವೂ ಕದಲಿರಲಿಲ್ಲ. ಮಕ್ಕಳು ಕುರ್ಚಿ ಹತ್ತಿ ಕುಣಿದರು.

ಕಾರ್ಯಕ್ರಮದಂದು ದೋಣಿ ಹಾಡಿಗೆ ಸಭಾಂಗಣವೇ ಚಪ್ಪಾಳೆಯಾಯಿತು. ಪರದೆಯ ಹಿಂದಿದ್ದ ಟೀಚರ್‌ನ ಕೈ ಹಿಡಿದು ಮಕ್ಕಳು ವೇದಿಕೆಗೆ ಎಳೆತಂದರು. ಶ್ರುತಿಗೂ ಅವಳಿಗೂ ಹುಟ್ಟಿನಿಂದಲೇ ಎಣ್ಣೆ-ಸೀಗೆಕಾಯಿ. ಆದರೂ ಅವಳು ಆ ದಿನ ಗಂಟಲು ಬಿಟ್ಟು ಹಾಡಿದಳು. ಮಾವ ಮುಂದಿನ ಸಾಲಿನಲ್ಲಿ ಕಿವಿ ಮುಚ್ಚಿಕೊಂಡು, ಹೆಮ್ಮೆಯಿಂದ ತಲೆದೂಗಿದರು.